ಪಾರ್ಕಲ್ಲಿ ಬಯಲು ಕಛೇರಿಗೆ ಹೋಗಿದ್ದೆ, ಮೃದಂಗದ ಧುಂ ಬಿಟ್ಟು ಏನೂ ಕೇಳ್ಸಿಲ್ಲ. ತಪ್ಪು ನಂದಾ?

ಹಿಂದಿನಸಾಲು
ನಮಸ್ಕಾರ ಎಲ್ರಿಗೂ. ಇಲ್ಲಿ ಓದ್ತಾ ಇರ್ತೀನಿ ಅಷ್ಟೇ, ಬರೆಯೋದು ಇದೇ ಮೊದಲು. ಶಾಸ್ತ್ರೀಯ ಸಂಗೀತ ಕೇಳೋಕೆ ಶುರು ಮಾಡಿ ಒಂದು ವರ್ಷ ಆಗಿರ್ಬಹುದು, ಎಲ್ಲಾ ಇಯರ್‌ಫೋನಲ್ಲೇ, ರಾಗ ಗುರುತು ಹಿಡಿಯೋಕೆ ಬರಲ್ಲ, ಕಲ್ಯಾಣಿನೋ ಮೋಹನನೋ ಬಂದ್ರೆ ಇದನ್ನ ಎಲ್ಲೋ ಕೇಳಿದೀನಲ್ಲ ಅನ್ಸುತ್ತೆ, ಅಷ್ಟೇ ನನ್ನ ವಿದ್ಯೆ. ಹೋದ ಭಾನುವಾರ ಸಂಜೆ ಪಾರ್ಕಲ್ಲಿ ಕೊಳಲು ಕಛೇರಿ ಇದೆ, ಯಾರು ಬೇಕಾದ್ರೂ ಬರಬಹುದು ಅಂತ ಗೊತ್ತಾಯ್ತು, ಮೊದಲನೇ ಸಲ ಎದುರಿಗೆ ಕೂತು ಕೇಳೋಣ ಅಂತ ಹೋದೆ. ಸರಿಯಾದ ಟೈಮಿಗೇ ಹೋದೆ, ಆದ್ರೆ ಮುಂದೆ ಎಲ್ಲಾ ತುಂಬಿತ್ತು. ಪರವಾಗಿಲ್ಲ, ದೂರದಲ್ಲಿ ಒಂದು ದೊಡ್ಡ ಮರ ಇತ್ತು, ಅದರ ಬುಡಕ್ಕೆ ಒರಗಿಕೊಂಡು ತಣ್ಣಗೆ ಕೇಳೋಣ ಅಂದ್ಕೊಂಡು ಅಲ್ಲಿ ಕೂತೆ, ಮನಸ್ಸಲ್ಲೇ ಏನೋ ದೊಡ್ಡ ರಸಿಕ ಆಗಿಬಿಟ್ಟಿದ್ದೆ.

ಎರಡು ಗಂಟೆ ಕೂತಿದ್ದೀನಿ ಸಾರ್. ಕೊಳಲು ಮೇಲಕ್ಕೆ ಹೋದಾಗ ಅಷ್ಟಿಷ್ಟು ಕೇಳ್ಸೋದು, ಕೆಳಗೆ ಬಂದ ತಕ್ಷಣ ಮಾಯ. ಪಿಟೀಲು ಇದೆ ಅಂತ ಗೊತ್ತಾಗಿದ್ದೇ ಮುಗಿದ ಮೇಲೆ ಅವರಿಗೆ ಚಪ್ಪಾಳೆ ಹೊಡೆದಾಗ. ಮೃದಂಗದ ಎಡಗಡೆ ಮಾತ್ರ ಧುಂ ಧುಂ ಅಂತ ಎದೆಗೆ ಬಂದು ಬಡೀತಿತ್ತು. ಅದೂ ವಿಚಿತ್ರ ಏನಂದ್ರೆ ಅವರ ಕೈ ಬಿದ್ದು ಎದ್ದ ಮೇಲೆ ಸದ್ದು ಬರ್ತಿತ್ತು, ನಾನು ಸ್ಪೀಕರ್ ಕೆಟ್ಟಿದೆ ಅಂದ್ಕೊಂಡೆ. ನನ್ನ ಪಕ್ಕದಲ್ಲಿ ಒಂದು ಗುಂಪು ಯಾರದೋ ಸೈಟಿನ ವಿಚಾರ ಮೊದಲಿಂದ ಕೊನೆ ತನಕ ಮಾತಾಡಿ ಮುಗಿಸಿದ್ರು, ಆ ಸೈಟಿನ ಅಳತೆ ನಂಗೆ ಬಾಯಿಪಾಠ ಆಗಿದೆ, ಕೊಳಲಿನವರು ಏನು ನುಡಿಸಿದ್ರು ಅಂತ ಮಾತ್ರ ಕೇಳಬೇಡಿ.

ಪ್ರಶ್ನೆ ಇಷ್ಟೇ. ಬಯಲು ಕಛೇರಿ ಅಂದ್ರೆ ಹೀಗೇನಾ? ಹಾಲ್ ಆದ್ರೆ ಮಾತ್ರ ಹೋಗಬೇಕಾ? ಅಥವಾ ನಾನೇ ಏನಾದ್ರೂ ತಪ್ಪು ಮಾಡಿದ್ನಾ?

ಘಟಗಿರಾಕಿ
ಮರದ ಬುಡದಲ್ಲಿ ಕೂತ್ರೆ ಜ್ಞಾನೋದಯ ಆಗುತ್ತೆ ಗುರೂ, ಕೊಳಲು ಕೇಳ್ಸಲ್ಲ 😄

ಮೈಕ್‌ಮಾಮ
ಸ್ಪೀಕರ್ ಕೆಟ್ಟಿರಲಿಲ್ಲ. ನೀವು ಕೂತ ಜಾಗ ಕೆಟ್ಟದ್ದು. ಇಪ್ಪತ್ತು ವರ್ಷದಿಂದ ಸೌಂಡ್ ಕೆಲಸ ಮಾಡ್ಕೊಂಡು ಬಂದಿದೀನಿ, ಈ ಕಂಪ್ಲೇಂಟು ಪ್ರತಿ ಬಯಲು ಪ್ರೋಗ್ರಾಮ್ ಆದ ಮೇಲೂ ಬರುತ್ತೆ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ಬೇಜಾರಾದ್ರೆ ದಾಟಿ ಹೋಗಿ.

ಹಾಲಲ್ಲಿ ಗೋಡೆ, ಸೀಲಿಂಗ್ ಇರುತ್ತೆ, ಸದ್ದು ಅಲ್ಲಿಗೆ ಬಡಿದು ವಾಪಸ್ ಬರುತ್ತೆ, ಹಿಂದಿನ ಸಾಲಿನವರಿಗೂ ತುಂಬಿಕೊಡುತ್ತೆ. ಒಳ್ಳೇ ಆರ್ಕೆಸ್ಟ್ರಾ ಹಾಲಲ್ಲಿ ವಾದ್ಯ ನಿಂತ ಮೇಲೂ ಸುಮಾರು 2 ಸೆಕೆಂಡ್ ನಾದ ತೇಲ್ತಾ ಇರುತ್ತೆ. ಬಯಲಲ್ಲಿ ಹೋದ ಸದ್ದು ಹೋಯ್ತು, ವಾಪಸ್ ಕೊಡೋರು ಯಾರೂ ಇಲ್ಲ. ದೂರ ಎರಡರಷ್ಟು ಆದಾಗೆಲ್ಲ 6 ಡೆಸಿಬಲ್ (ಸದ್ದಿನ ಜೋರಿನ ಅಳತೆ) ಬೀಳುತ್ತೆ. ಸ್ಪೀಕರಿಂದ 10 ಮೀಟರಲ್ಲಿ ಕೂತವರಿಗೆ ಎಷ್ಟು ಬರುತ್ತೋ, 20ಕ್ಕೆ ಅದರಲ್ಲಿ 6 ಕಮ್ಮಿ, 40ಕ್ಕೆ 12 ಕಮ್ಮಿ, 80ಕ್ಕೆ 18 ಕಮ್ಮಿ. ಆದ್ರೆ ಪಕ್ಕದ ಸೈಟಿನ ಗುಂಪು ನಿಮ್ಮಿಂದ 2 ಮೀಟರಲ್ಲೇ ಇದೆ, ನೀವು ವೇದಿಕೆಯಿಂದ ಎಷ್ಟು ದೂರ ಕೂತ್ರೂ ಅದು ಒಂದು ಡೆಸಿಬಲ್ಲೂ ಬೀಳಲ್ಲ. ಇದು ಸಂಗೀತದ ತಪ್ಪೂ ಅಲ್ಲ, ನಿಮ್ಮ ಕಿವಿಯ ತಪ್ಪೂ ಅಲ್ಲ.

ಕೈ ಮೊದಲು ಸದ್ದು ಆಮೇಲೆ ಅಂದ್ರಲ್ಲ, ಅದಕ್ಕೂ ಇದೇ ಕಾರಣ. 20 ಡಿಗ್ರಿ ಬಿಸಿ ಇರೋ ಗಾಳಿಯಲ್ಲಿ ಸದ್ದು ಸೆಕೆಂಡಿಗೆ 343 ಮೀಟರ್ ಹೋಗುತ್ತೆ. 80 ಮೀಟರ್ ಅಂದ್ರೆ ಹೆಚ್ಚುಕಮ್ಮಿ ಕಾಲು ಸೆಕೆಂಡ್. ಕಣ್ಣಿಗೆ ಆಗ್ಲೇ ಕೈ ಕಂಡಿರುತ್ತೆ. ನೀವು ಸೂಕ್ಷ್ಮವಾಗಿ ನೋಡಿದೀರ, ಸುಮಾರು ಜನ ಗಮನಿಸಲ್ಲ ಇದನ್ನ.

ಇನ್ನು ಆ ಧುಂ. ಕೆಳಗಿನ ಸದ್ದು, ಅಂದ್ರೆ ದಪ್ಪ ಸ್ವರ, ಎಲ್ಲಾ ಕಡೆಗೂ ಹರಡುತ್ತೆ, ಸ್ಪೀಕರ್ ಯಾವ ಕಡೆ ಮುಖ ಮಾಡಿದ್ರೂ ಸರಿ. ಮೇಲಿನ ಸದ್ದು, ಅಂದ್ರೆ ತೆಳು ಸ್ವರ, ಟಾರ್ಚ್ ಬಿಟ್ಟ ಹಾಗೆ ನೇರ ಹೋಗುತ್ತೆ, ಓರೆಗೆ ಕೂತವರಿಗೆ ಕಮ್ಮಿ, ಅದರ ಮೇಲೆ ದೂರ ಹೋದಷ್ಟೂ ಗಾಳಿ ಬೇರೆ ಅದನ್ನ ಕುಡಿದುಬಿಡುತ್ತೆ. ಹಾಗಾಗಿ ಪಿಟೀಲಿನ ಬಿಲ್ಲಿನ ಸದ್ದು, ಕೊಳಲಿನ ಉಸಿರು, ಮೃದಂಗದ ಬಲಗಡೆ ಛಾಪು, ಎಲ್ಲಾ ದಾರಿಯಲ್ಲೇ ಉದುರಿಹೋಗಿ ನಿಮ್ಮ ಹತ್ರ ಬರೀ ತೊಪ್ಪಿ, ಅಂದ್ರೆ ಮೃದಂಗದ ಎಡಗಡೆ ಸದ್ದು, ಬಂದಿದೆ.

ಮುಂದಿನ ಸಲ ಸೌಂಡ್‌ನವರು ಟೇಬಲ್ ಹಾಕ್ಕೊಂಡು ಕೂತಿರ್ತಾರಲ್ಲ, ಅದನ್ನ ಹುಡುಕಿ, ಅದರ ಮುಂದೆ ಕೂತ್ಕೊಳಿ. ಅವರು ಅಲ್ಲಿ ಕೂತು ಕೇಳಿಕೊಂಡೇ ಎಲ್ಲಾ ಸರಿ ಮಾಡೋದು, ಅಲ್ಲಿ ಚೆನ್ನಾಗಿಲ್ಲ ಅಂದ್ರೆ ಇಡೀ ಪಾರ್ಕಲ್ಲಿ ಎಲ್ಲೂ ಚೆನ್ನಾಗಿರಲ್ಲ.

ಹಿಂದಿನಸಾಲು
ಸಾರ್ ಇಷ್ಟೆಲ್ಲಾ ಇದೆಯಾ ಇದರಲ್ಲಿ. ಹಾಗಾದ್ರೆ ತೀರಾ ಮುಂದಿನ ಸಾಲಲ್ಲೇ ಕೂತ್ಬಿಟ್ರೆ? ಮರ ಅಡ್ಡ ಇದ್ದಿದ್ದಕ್ಕೆ ಏನಾದ್ರೂ ಆಯ್ತಾ?

ಮೈಕ್‌ಮಾಮ
ಒಂದು ಮರ ಸದ್ದನ್ನ ತಡೆಯಲ್ಲ, ಗಾಳಿ ಬಂದ್ರೆ ಎಲೆ ಸದ್ದು ಸೇರಿಸುತ್ತೆ ಅಷ್ಟೇ. ತೀರಾ ಮುಂದೂ ಬೇಡ. ದೊಡ್ಡ ಸ್ಪೀಕರ್ ಎರಡು ಪಕ್ಕದಲ್ಲಿ ಎತ್ತರಕ್ಕೆ ಇರುತ್ತೆ, ಮುಂದಿನ ಸಾಲಿನವರ ತಲೆ ಮೇಲಿಂದ ಸದ್ದು ದಾಟಿ ಹೋಗುತ್ತೆ. ಅವರಿಗೆ ಕೇಳ್ಸೋದು ಕಲಾವಿದರಿಗೆ ಅಂತ ಇಟ್ಟಿರೋ ಮಾನಿಟರ್ ಸ್ಪೀಕರ್‌ನ ಬೆನ್ನು. ಕೆಲವರು ಪುಟ್ಟ ಸ್ಪೀಕರನ್ನ ವೇದಿಕೆ ಅಂಚಲ್ಲಿ ಇಡ್ತಾರೆ, ಎಲ್ರೂ ಇಡಲ್ಲ. ಟೇಬಲಿಂದ ನಾಲ್ಕೈದು ಸಾಲು ಮುಂದೆ, ನಡುವಲ್ಲಿ. ಮುಗೀತು.

ನಿಶ್ಶಬ್ದಬೇಕು
ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ಶಾಸ್ತ್ರೀಯ ಸಂಗೀತ ಬಯಲಿಗೆ ಅಲ್ಲ. ಒಂದು ಗಮಕ (ಸ್ವರದ ಓಲಾಟ), ಒಂದು ಸಣ್ಣ ಜಾರು, ತಂಬೂರಿ ತಂತಿ ಕೆಳಗಿನ ನೂಲು, ಆ ಜೀವಾಳಿಯಿಂದ ಬರೋ ಝೇಂಕಾರ, ಇದೆಲ್ಲ ನಾಯಿ ಬೊಗಳೋ ಜಾಗದಲ್ಲಿ, ಮಕ್ಕಳು ಚೆಂಡಾಡೋ ಜಾಗದಲ್ಲಿ ಕೇಳೋ ವಸ್ತುವಾ? ಮೈಕ್ ಹಾಕಿ ಹತ್ತು ಪಟ್ಟು ಜೋರು ಮಾಡಿದ ತಕ್ಷಣ ಅದು ಸಂಗೀತ ಆಗಲ್ಲ, ಅನೌನ್ಸ್‌ಮೆಂಟ್ ಆಗುತ್ತೆ. ಕಲಾವಿದರೂ ಪಾಪ ಅಲ್ಲಿ ಬೇಗ ಬೇಗ, ಜನಕ್ಕೆ ಹಿಡಿಸೋದನ್ನೇ ನುಡಿಸಿ ಎದ್ದು ಹೋಗ್ತಾರೆ. ಇಂಥ ಕಡೆ ಹೋಗೋದಕ್ಕಿಂತ ಮನೇಲಿ ದೀಪ ಆರಿಸಿ ಕೂತು ಕೇಳೋದು ಎಷ್ಟೋ ವಾಸಿ.

ಆದಿತಾಳದಜ್ಜಿ
ನಿಶ್ಶಬ್ದ ಬೇಕು ಅನ್ನೋರೇ, ನಿಮ್ಮ ಮಾತಲ್ಲಿ ಅರ್ಧ ಒಪ್ತೀನಿ ಕಣಪ್ಪಾ, ಆ ಅರ್ಧ ಯಾವುದು ಅಂತ ಆಮೇಲೆ ಹೇಳ್ತೀನಿ.

ಬಯಲಿಗೆ ಅಲ್ಲ ಅಂದ್ರಲ್ಲ, ನಾದಸ್ವರ ಡೋಲು ಎಲ್ಲಿ ಬೆಳೆದಿದ್ದು? ಬೀದಿಯಲ್ಲಿ, ಮೆರವಣಿಗೆಯಲ್ಲಿ. ತೋಡಿ ರಾಗವನ್ನ ಗಂಟೆಗಟ್ಟಲೆ ಬಿಡಿಸಿ ಬಿಡಿಸಿ ಊದಿದ್ದು ಬಯಲಲ್ಲೇ, ಮೈಕೂ ಇರಲಿಲ್ಲ ಗೋಡೆಯೂ ಇರಲಿಲ್ಲ. ಆಲಾಪನೆ, ಅದೇ ತಾಳ ಇಲ್ಲದೆ ರಾಗ ಬಿಡಿಸೋದು, ಅಂದ್ರೆ ಏನು ಅಂತ ಹಾಡೋರು ಆ ಊದೋರಿಂದ ಕಲ್ತಿದ್ದಾರೆ. ಇನ್ನು ನಮ್ಮ ಟಿ. ಚೌಡಯ್ಯನವರು ಪಿಟೀಲಿಗೆ ನಾಲ್ಕು ತಂತಿ ಸಾಲದು ಅಂತ ಏಳು ತಂತಿ ಮಾಡ್ಕೊಂಡಿದ್ದು ಯಾಕೆ? ಹಿಂದೆ ಕೂತವನಿಗೆ ಕೇಳಬೇಕು ಅಂತ. ಅಂದ್ರೆ ಈ ಹುಡುಗ ಕೇಳಿರೋ ಪ್ರಶ್ನೆ ಇವತ್ತಿಂದಲ್ಲ, ಹಿಂದಿನ ಸಾಲಿನವನ ಚಿಂತೆ ಆಗಿನ ಕಾಲದಿಂದಲೂ ದೊಡ್ಡ ವಿದ್ವಾಂಸರಿಗೇ ಇತ್ತು.

ಒಪ್ಪೋ ಅರ್ಧ ಯಾವುದು ಅಂದ್ರೆ ವೀಣೆ. ನಾನು ವೀಣೆ ಕಲ್ತವಳು. ಅದು ಮನೆ ವಾದ್ಯ, ಹತ್ತು ಹದಿನೈದು ಜನ ಸುತ್ತ ಕೂತು ಕೇಳೋದು. ಮೀಟಿದ ಮೇಲೆ ಉಳಿಯುತ್ತಲ್ಲ ನಾದ, ಒಂದೇ ಮೀಟಿನಲ್ಲಿ ತಂತಿ ಎಳೆದು ನಾಲ್ಕು ಸ್ವರ ತರೋದು, ಅದು ಬಯಲಲ್ಲಿ ಗಾಳಿಗೆ ಹೋಗಿಬಿಡುತ್ತೆ. ವಾದ್ಯಕ್ಕೆ ಪಿಕಪ್ ಅಂಟಿಸಿ ಜೋರು ಮಾಡಿದ್ರೆ ಮೆಟ್ಟಿಲು ಮೇಲೆ ಬೆರಳು ಜಾರೋ ಕಿರಕಿರಿಯೂ ಜೋರಾಗುತ್ತೆ. ಪಾರ್ಕಲ್ಲಿ ವೀಣೆ ಅಂತ ಕಂಡ್ರೆ ನಾನು ಹೋಗಲ್ಲ, ಅಲ್ಲಿ ನುಡಿಸೋರ ಮೇಲೆ ಕೋಪ ಅಲ್ಲ, ವಾದ್ಯದ ಮೇಲೆ ಮರುಕ.

ನಾದಸ್ವರ, ಸ್ಯಾಕ್ಸೊಫೋನು, ಗಟ್ಟಿ ಗಂಟಲಿನ ಹಾಡು, ತಾಳವಾದ್ಯ, ಇವಿದ್ರೆ ಹೋಗು ಮಗೂ. ಕೊಳಲು ಮಧ್ಯಮ, ಕೂತ ಜಾಗ ಚೆನ್ನಾಗಿದ್ರೆ ಪರವಾಗಿಲ್ಲ.

ಘಟಗಿರಾಕಿ
ಅಜ್ಜಿ ಘಟ ಬಿಟ್ಬಿಟ್ರಲ್ಲ!! ಬಯಲಿಗೆ ಅತ್ಯಂತ ನಿಯತ್ತಿನ ವಾದ್ಯ ಅಂದ್ರೆ ಘಟ. ನಾನು ಮೃದಂಗ ಕಲೀತಿರೋದು, ಹೆಸರು ನೋಡಿ ಮೋಸ ಹೋಗಬೇಡಿ, ಘಟದ ಮೇಲೆ ಹೊಟ್ಟೆಕಿಚ್ಚಿಗೆ ಆ ಹೆಸರಿಟ್ಕೊಂಡಿದ್ದು. ಯಾಕೆ ಹೊಟ್ಟೆಕಿಚ್ಚು ಅಂದ್ರೆ ಅದಕ್ಕೆ ಚರ್ಮ ಇಲ್ಲ, ಸುಟ್ಟ ಮಣ್ಣು, ಮಂಜು ಬೀಳಲಿ ಬಿಸಿಲು ಬೀಳಲಿ ಶ್ರುತಿ ಇದ್ದಲ್ಲೇ ಇರುತ್ತೆ. ನಮ್ಮದು ಹಾಗಲ್ಲ. ಸಂಜೆ ಬಿಸಿಲಲ್ಲಿ ಶ್ರುತಿ ಮಾಡಿ ಕೂತಿರ್ತೀವಿ, ಸೂರ್ಯ ಮುಳುಗಿ ಹವೆ ತಂಪಾಗಿ ತೇವ ಏರಿದ ಹಾಗೆ ಬಲಗಡೆ ಚರ್ಮ ಸಡಿಲ ಆಗಿ ಶ್ರುತಿ ಇಳಿಯೋಕೆ ಶುರು, ಕಲ್ಲು ತಗೊಂಡು ಟಕ್ ಟಕ್. ಅದೇ ಹಗಲಲ್ಲಿ ನೇರ ಬಿಸಿಲು ಬಿದ್ರೆ ಚರ್ಮ ಬಿಗಿದು ಮೇಲೆ ಹೋಗುತ್ತೆ, ಮತ್ತೆ ಟಕ್ ಟಕ್. ಎಡಗಡೆ ಹಚ್ಚಿರೋ ರವೆ ಬಿಸಿಲಿಗೆ ಒಣಗಿ ಹಪ್ಪಳ ಆಗುತ್ತೆ, ಮಧ್ಯದಲ್ಲಿ ನೀರು ಮುಟ್ಟಿಸ್ತಾ ಇರಬೇಕು. ಜನ ಅಂದ್ಕೋತಾರೆ ಇವನಿಗೆ ಶ್ರುತಿ ಮಾಡೋಕೇ ಬರಲ್ಲ ಅಂತ.

ಮೈಕ್‌ಮಾಮ
ಇದಕ್ಕೊಂದು ತಮಾಷೆ ಸೇರಿಸ್ತೀನಿ. ಬಿಸಿ ಗಾಳಿಯಲ್ಲಿ ಸದ್ದಿನ ವೇಗ ಜಾಸ್ತಿ, ಹಾಗಾಗಿ ಬಿಸಿಲೇರಿದ ಹಾಗೆ ಕೊಳಲು ಶ್ರುತಿ ಮೇಲಕ್ಕೆ ಹೋಗುತ್ತೆ. ಪಿಟೀಲಿನ ಲೋಹದ ತಂತಿ ಬಿಸಿಗೆ ಹಿಗ್ಗಿ ಸಡಿಲ ಆಗಿ ಕೆಳಕ್ಕೆ ಬರುತ್ತೆ. ಒಂದೇ ಬಿಸಿಲು, ಒಬ್ಬರನ್ನ ಮೇಲಕ್ಕೆ ಎಳೆಯುತ್ತೆ ಒಬ್ಬರನ್ನ ಕೆಳಕ್ಕೆ. ನಡುವಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆ ಮಾತ್ರ ತನಗೇನೂ ಸಂಬಂಧ ಇಲ್ಲದ ಹಾಗೆ ಕೂತಿರುತ್ತೆ.

ಮಗುವಿನಮ್ಮ
ಮಧ್ಯದಲ್ಲಿ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನನಗೆ ನಾಲ್ಕು ವರ್ಷದ ಮಗಳಿದ್ದಾಳೆ. ಮದುವೆಗೆ ಮುಂಚೆ ತಿಂಗಳಿಗೆ ಎರಡು ಕಛೇರಿ ಕೇಳ್ತಿದ್ದೆ, ಈಗ ಹಾಲಿಗೆ ಕರ್ಕೊಂಡು ಹೋದ್ರೆ ಹತ್ತು ನಿಮಿಷಕ್ಕೆ "ಅಮ್ಮಾ ಇದು ಯಾವಾಗ ಮುಗಿಯುತ್ತೆ" ಅಂತ ಜೋರಾಗಿ ಕೇಳ್ತಾಳೆ, ಇಡೀ ಸಾಲು ತಿರುಗಿ ನೋಡುತ್ತೆ, ಬೆವರು ಬರುತ್ತೆ ನನಗೆ. ಪಾರ್ಕಲ್ಲಾದ್ರೆ ಹೋಗಬಹುದಾ? ಇಲ್ಲಿ ನಿಶ್ಶಬ್ದ ಬೇಕು ಅನ್ನೋರ ಪೋಸ್ಟ್ ಓದಿ ಸ್ವಲ್ಪ ಹೆದರಿಕೆ ಆಯ್ತು.

ಆದಿತಾಳದಜ್ಜಿ
ಅಯ್ಯೋ ಹೋಗಮ್ಮಾ, ಪಾರ್ಕಿನ ಕಛೇರಿ ಇರೋದೇ ನಿನ್ನಂಥವಳಿಗೆ. ಪಕ್ಕದ ಅಂಚಲ್ಲಿ ಕೂತ್ಕೋ, ನಡುವಲ್ಲಿ ಬೇಡ, ಎದ್ದು ಹೋಗೋಕೆ ದಾರಿ ಇರಲಿ. ಸ್ಪೀಕರ್ ಮುಂದೆ ಮಾತ್ರ ಕೂರಿಸಬೇಡ, ಪುಟ್ಟ ಕಿವಿ. ಮಗು ಓಡಿ ಹೋದ್ರೆ ನೀನೂ ಹೋಗು, ಹುಲ್ಲು ಮೇಲೆ ಆಡಿಸ್ತಾ ಕೇಳು, ದೂರದಿಂದ ಕೇಳಿದ್ರೂ ಕೇಳಿದ ಹಾಗೇ. ನಾನು ಮಗುವಿದ್ದಾಗ ಅಪ್ಪನ ತೊಡೆ ಮೇಲೆ ನಿದ್ದೆ ಹೊಡೆದುಕೊಂಡೇ ಎಷ್ಟೋ ಕಛೇರಿ "ಕೇಳಿದ್ದೀನಿ". ಆಮೇಲೆ ದೊಡ್ಡವಳಾಗಿ ಕಲಿಯೋಕೆ ಕೂತಾಗ ಆ ಸ್ವರಗಳು ಎಲ್ಲೋ ಒಳಗೆ ಇದ್ದವು ಅಂತ ಗೊತ್ತಾಯ್ತು.

ನಿಶ್ಶಬ್ದಬೇಕು
ಮೇಡಂ, ಮಕ್ಕಳ ಬಗ್ಗೆ ನನಗೆ ಏನೂ ತಕರಾರಿಲ್ಲ, ದಯವಿಟ್ಟು ಹೋಗಿ. ಮಕ್ಕಳು ಗೊತ್ತಿಲ್ದೆ ಮಾತಾಡ್ತಾವೆ. ನನ್ನ ಸಿಟ್ಟು ಆ ಸೈಟಿನ ಗುಂಪಿನ ಮೇಲೆ. ಗೊತ್ತಿದ್ದೂ ಮಾತಾಡ್ತಾರಲ್ಲ. ಮತ್ತೆ ತನಿ ಆವರ್ತನ, ಅಂದ್ರೆ ತಾಳವಾದ್ಯದವರು ಮಾತ್ರ ನುಡಿಸೋ ಭಾಗ, ಶುರುವಾದ ತಕ್ಷಣ ಎದ್ದು ಬೆನ್ನು ತೋರಿಸಿ ಹೋಗೋರ ಮೇಲೆ.

ಘಟಗಿರಾಕಿ
ತನಿ ವಿಚಾರ ಎತ್ತಿದ್ರಾ, ಸಾರ್ ನಿಮ್ಮ ಕಾಲಿಗೆ ಬೀಳ್ತೀನಿ 🙏 ಎರಡು ಗಂಟೆ ಬೇರೆಯವರಿಗೆ ನುಡಿಸಿ ನುಡಿಸಿ ಕೊನೆಗೆ ಹತ್ತು ನಿಮಿಷ ನಮ್ಮದು ಅಂತ ಸಿಗೋದು, ಆಗ ಇಡೀ ಪಾರ್ಕು ಎದ್ದು ಚಪ್ಪಲಿ ಹುಡುಕ್ತಿರುತ್ತೆ. ಹಾಲಲ್ಲಾದ್ರೆ ಬಾಗಿಲು ಒಂದೋ ಎರಡೋ, ಸ್ವಲ್ಪ ನಾಚಿಕೆ ಇರುತ್ತೆ. ಪಾರ್ಕಲ್ಲಿ ನಾಲ್ಕು ದಿಕ್ಕೂ ಬಾಗಿಲೇ.

ಆದಿತಾಳದಜ್ಜಿ
ಮಾತಾಡೋರ ವಿಚಾರಕ್ಕೆ ನಾನು ಕಂಡುಕೊಂಡಿದ್ದು ಹೇಳ್ತೀನಿ. ಬಯಲಲ್ಲಿ ಜನ ತಾವೇ ಭಾಗ ಆಗಿರ್ತಾರೆ. ಮುಂದೆ ಇರೋರು ಕಛೇರಿಗೆ ಬಂದೋರು. ಹಿಂದೆ ಇರೋರು ಪಾರ್ಕಿಗೆ ಬಂದೋರು, ಅಲ್ಲಿ ಕಛೇರಿ ನಡೀತಿದೆ ಅಷ್ಟೇ. ಹಿಂದೆ ಕೂತು ಮುಂದಿನವರ ಶಿಸ್ತು ಕೇಳೋದು ತಪ್ಪಾಗುತ್ತೆ ಕಣಪ್ಪಾ. ಅವರಿಗೂ ಪಾರ್ಕು ಅವರದ್ದೇ. ಹಿಂದಿನಸಾಲು ಮಗು ತನ್ನ ಹೆಸರು ಬದಲಾಯಿಸಿಕೊಂಡ್ರೆ ಅರ್ಧ ಕಷ್ಟ ಹೋಗುತ್ತೆ.

ಹಿಂದಿನಸಾಲು
ಅಜ್ಜಿ 😂 ಹೆಸರು ಬದಲಾಯಿಸೋಕೆ ಬರಲ್ಲ ಇಲ್ಲಿ, ಜಾಗ ಬದಲಾಯಿಸ್ತೀನಿ.

ಊರುಬಿಟ್ಟವ
ಹೊರದೇಶದಲ್ಲಿದ್ದೀನಿ, ಇಲ್ಲಿ ಬೇಸಿಗೆಯಲ್ಲಿ ಪಾರ್ಕಲ್ಲಿ ಆರ್ಕೆಸ್ಟ್ರಾ ಕಛೇರಿಗಳು ಜಾಸ್ತಿ, ಅದಕ್ಕೆ ಆ ಕಡೆ ಕಥೆ ಸ್ವಲ್ಪ ಹೇಳ್ತೀನಿ. ಅಜ್ಜಿ ನಾದಸ್ವರ ಅಂದ ತಕ್ಷಣ ನನಗೆ ಹ್ಯಾಂಡೆಲ್ ಅನ್ನೋ ಹಳೇ ಪಾಶ್ಚಾತ್ಯ ಸಂಗೀತಗಾರ ನೆನಪಾದ. 1749ರ ಏಪ್ರಿಲ್ 27, ಲಂಡನ್ನಿನ ಗ್ರೀನ್ ಪಾರ್ಕ್, ಯುದ್ಧ ಮುಗಿದ ಸಂಭ್ರಮಕ್ಕೆ ರಾಜ 2ನೇ ಜಾರ್ಜ್ ಪಟಾಕಿ ಪ್ರದರ್ಶನ ಇಟ್ಟಿದ್ದ, ಅದಕ್ಕೆ ಸಂಗೀತ ಹ್ಯಾಂಡೆಲ್ ಬರೆದ. ರಾಜನಿಗೆ ಪಿಟೀಲು ಬೇಡವಾಗಿತ್ತು, ಊದೋ ವಾದ್ಯ, ಡೋಲು ಸಾಕು ಅಂತ. ಹ್ಯಾಂಡೆಲ್ ಬರೆದ ಲೆಕ್ಕ ನೋಡಿ, 24 ಓಬೋ, 12 ಬಸ್ಸೂನ್, 9 ಟ್ರಂಪೆಟ್, 9 ಹಾರ್ನ್. ಓಬೋ ಅಂದ್ರೆ ನಮ್ಮ ನಾದಸ್ವರದ ದೂರದ ನೆಂಟ, ಎರಡು ಪೀಪಿ ಇರೋ ವಾದ್ಯ. ಮೈಕ್ ಇಲ್ಲದ ಕಾಲದಲ್ಲಿ ಬಯಲು ತುಂಬಿಸೋಕೆ ಅಲ್ಲಿಯವರಿಗೂ ಹೊಳೆದಿದ್ದು ಅದೇ ದಾರಿ. ಅವತ್ತು ಮಳೆ ಬೇರೆ, ಪಟಾಕಿಗೆ ಅಂತ ಕಟ್ಟಿದ್ದ ಮರದ ಮಂಟಪಕ್ಕೇ ಬೆಂಕಿ ಹತ್ತಿಕೊಳ್ತಂತೆ. ಸಂಗೀತ ಉಳ್ಕೊಂತು.

ಈಗಿನ ಕಾಲದ್ದು ಅಂದ್ರೆ, ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಅನ್ನೋ ಆರ್ಕೆಸ್ಟ್ರಾ 1965ರಿಂದ ಪಾರ್ಕುಗಳಲ್ಲಿ ನುಡಿಸ್ತಿದೆ. 1986ರ ಜುಲೈಯಲ್ಲಿ ಸೆಂಟ್ರಲ್ ಪಾರ್ಕಿಗೆ ಸುಮಾರು 8 ಲಕ್ಷ ಜನ ಬಂದಿದ್ರು ಅಂತ ಅಂದಾಜು. ಎಂಟು ಲಕ್ಷ ಜನದಲ್ಲಿ ಸೈಟಿನ ಮಾತಾಡಿದವರು ಎಷ್ಟು ಜನವೋ! ವಿಯೆನ್ನಾ ಫಿಲ್ಹಾರ್ಮೋನಿಕ್‌ನವರು 2004ರಿಂದ ಪ್ರತಿ ವರ್ಷ ಶೋನ್‌ಬ್ರುನ್ ಅರಮನೆಯ ತೋಟದಲ್ಲಿ ಬೇಸಿಗೆ ಕಛೇರಿ ಮಾಡ್ತಾರೆ, ಟಿಕೆಟ್ ಇಲ್ಲ.

ಒಂದು ವಿಷಯ, ಆರ್ಕೆಸ್ಟ್ರಾ ಕೇಳೋಕೆ ಹೋಗೋರಿಗೆ. ಒಂದು ಸಿಂಫನಿಯಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗ, ಮಧ್ಯ ಮಧ್ಯ ನಿಲ್ಲಿಸ್ತಾರೆ, ಮುಗೀತು ಅಂತ ಚಪ್ಪಾಳೆ ಹೊಡೆದ್ರೆ ಹಾಲಲ್ಲಿ ಕೆಲವರು ಕಣ್ಣು ಬಿಡ್ತಾರೆ. ಪಾರ್ಕಲ್ಲಿ ಯಾರೂ ಏನೂ ಅನ್ನಲ್ಲ. ನಾನು ಮೊದಲ ಸಲ ಹೊಡೆದೆ, ಪಕ್ಕದಲ್ಲಿದ್ದ ಅಜ್ಜ ನನ್ನ ನೋಡಿ ತಾನೂ ಹೊಡೆದ.

ಮೈಕ್‌ಮಾಮ
ಆ ಕಡೆಯವರು ಹಿಂದಿನ ಸಾಲಿನ ಸಮಸ್ಯೆಗೆ ಸರಿಯಾಗಿ ತಲೆ ಕೆಡಿಸಿಕೊಂಡಿದ್ದಾರೆ. ಶಿಕಾಗೋದಲ್ಲಿ ಮಿಲೇನಿಯಂ ಪಾರ್ಕ್ ಅಂತ ಇದೆ, ಅಲ್ಲಿ 2004ರಲ್ಲಿ ಪ್ರಿಟ್ಜ್ಕರ್ ಪೆವಿಲಿಯನ್ ಶುರುವಾಯ್ತು, ಫ್ರಾಂಕ್ ಗೆಹ್ರಿ ವಿನ್ಯಾಸ. ಹುಲ್ಲುಹಾಸಿನ ಮೇಲೆ ಪೂರ್ತಿ ಕಬ್ಬಿಣದ ಪೈಪಿನ ಚಪ್ಪರ, ಹೂವಿನ ಬಳ್ಳಿಗೆ ಹಾಕ್ತೀವಲ್ಲ ಹಾಗೆ, ಅದರಿಂದ ಸ್ಪೀಕರ್‌ಗಳು ನೇತಾಡ್ತಾವೆ. ವೇದಿಕೆಯಿಂದ ದೂರ ಹೋದ ಹಾಗೆ ಒಂದೊಂದು ಸ್ಪೀಕರಿಗೂ ಅಷ್ಟಷ್ಟು ತಡ ಮಾಡಿ ಸದ್ದು ಕೊಡ್ತಾರೆ, ಮುಂದಿನಿಂದ ಬರೋ ಸದ್ದಿಗೆ ಹೊಂದೋ ಹಾಗೆ. ಇಲ್ಲಾಂದ್ರೆ ಒಂದೇ ತಾಳ ಎರಡು ಸಲ ಕೇಳುತ್ತೆ. ನಾವೂ ದೊಡ್ಡ ಮೈದಾನದಲ್ಲಿ ನಡುವೆ ಕಂಬ ನಿಲ್ಲಿಸಿ ಹೀಗೇ ಮಾಡ್ತೀವಿ, ಆದ್ರೆ ಪ್ರೋಗ್ರಾಮ್ ಮಾಡೋರು "ಅದೆಲ್ಲ ಯಾಕೆ, ಮುಂದಿನದ್ದನ್ನೇ ಜೋರು ಮಾಡಿ" ಅಂತಾರೆ. ಜೋರು ಮಾಡಿದ್ರೆ ಮುಂದಿನವನಿಗೆ ಕಿವಿ ಹರಿಯುತ್ತೆ, ಹಿಂದಿನವನಿಗೆ ಧುಂ ಮಾತ್ರ ದೊಡ್ಡದಾಗುತ್ತೆ. ಎಷ್ಟು ಸಲ ಹೇಳಿ ಸಾಕಾಗಿದೆ ನನಗೆ, ಬಿಡಿ.

ಜವಾರಿಕಿವಿ
ಎಲ್ಲಾರೂ ಸ್ಪೀಕರು ಡೆಸಿಬಲ್ಲು ಅಂತ ಹೊಂಟೀರಿ, ಒಂದು ಮಾತು ಯಾರೂ ಹೇಳವಲ್ರಿ. ಹೊತ್ತು. ನಾ ಹಿಂದೂಸ್ತಾನಿ ಕೇಳಾಂವ. ನಮ್ಮ ಕಡೆ ರಾಗಕ್ಕ ಹೊತ್ತು ಐತ್ರಿ, ದಿನಾ ರಾತ್ರಿ ಕೂಡಿ ಎಂಟು ಪ್ರಹರ, ಒಂದೊಂದು ಮೂರು ತಾಸು. ಹಾಲಿನ್ಯಾಗ ಏನಾಗ್ತದ ಅಂದ್ರ ಕಛೇರಿ ಯಾವಾಗ್ಲೂ ಸಂಜಿಗೇ, ಲೈಟ್ ಹಾಕಿ ಕಿಟಕಿ ಮುಚ್ಚಿ. ಹಿಂಗಾಗಿ ಯಮನ್, ಪೂರಿಯಾ, ಬಾಗೇಶ್ರೀ, ಮಾಲಕಂಸ, ಇವನ್ನ ಕೇಳಿದ್ದಽ ಕೇಳೂದು. ಮುಂಜಾನಿ ರಾಗ ಕೇಳಬೇಕಂದ್ರ ಎಲ್ಲಿಗೆ ಹೋಗ್ತೀರಿ? ಲಲಿತ, ಭಟಿಯಾರ, ಭೈರವ, ಅಹಿರ್ ಭೈರವ, ಇವು ಎಲ್ಲಾ ರೆಕಾರ್ಡಿನ್ಯಾಗಽ ಉಳದಾವ. ಪಾರ್ಕಿನ್ಯಾಗ ನಸುಕಿನ ಕಛೇರಿ ಇದ್ರ ಹಾಸಿಗಿ ಬಿಟ್ಟು ಎದ್ದು ಹೋಗ್ರಿ, ಬ್ಯಾರೆ ಏನೂ ವಿಚಾರ ಮಾಡಬ್ಯಾಡ್ರಿ.

ಒಂದ್ಸಲ ಹೊತ್ತು ಮುಳುಗೂ ಮುಂದ ಬಯಲಾಗ ಮಾರವಾ ಕೇಳೀನ್ರಿ. ಮಾರವಾದಾಗ ರಿಷಭ ಕೋಮಲ ಅಂದ್ರ ತುಸು ಇಳಿದದ್ದು, ಮಧ್ಯಮ ತೀವ್ರ ಅಂದ್ರ ತುಸು ಏರಿದ್ದು, ಪಂಚಮ ಇಲ್ಲೇ ಇಲ್ಲ. ಷಡ್ಜ, ಅಂದ್ರ ಬುನಾದಿ ಸ್ವರ ಸ, ಅದರ ಮ್ಯಾಲೂ ಹೆಚ್ಚು ನಿಂದ್ರಂಗಿಲ್ಲ, ರಿಷಭ ಧೈವತದಾಗಽ ಅಡ್ಡಾಡ್ತದ. ಕಾಲಿಗೆ ನೆಲ ಸಿಗದಂಗ ಆಗ್ತದ ಕೇಳಾಂವಗ. ಆ ಹಾಡಾಕಿ ಷಡ್ಜಕ್ಕ ಬರಲಿಲ್ಲ ಬರಲಿಲ್ಲ ಬರಲಿಲ್ಲ, ಅತ್ತ ಬೆಳಕೂ ಹೋಗಲಿಲ್ಲ ಇರಲಿಲ್ಲ, ಹಕ್ಕಿ ಎಲ್ಲಾ ಗಿಡಕ್ಕ ಬಂದು ಗದ್ದಲ ಹಾಕ್ಲಿಕತ್ತಿದ್ದುವು. ಆಮ್ಯಾಲೆ ಹಕ್ಕಿ ಸುಮ್ಮನಾದುವು, ಕತ್ತಲಾತು, ಆಗ ಬಂದು ಷಡ್ಜದ ಮ್ಯಾಲೆ ನಿಂತಳು. ಇದನ್ನ ಯಾವ ಹಾಲಿನ್ಯಾಗ ಮಾಡ್ತೀರಿ ಹೇಳ್ರಿ. ಸದ್ದು ಭಾಳ ಚೊಲೋ ಇರಲಿಲ್ರಿ, ಖರೇ ಹೇಳ್ತೀನಿ, ನಡುವ ಒಂದೆರಡು ಸಲ ಮೈಕು ಕುಂಯ್ ಅಂತು. ಆದ್ರ ಅದು ಯಾರಿಗೆ ನೆನಪೈತಿ?

ನಿಶ್ಶಬ್ದಬೇಕು
ಜವಾರಿಕಿವಿ ಅವರೇ, ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಮಾರವಾ ನಾನು ಕೇಳಿರೋದೆಲ್ಲ ಟ್ಯೂಬ್‌ಲೈಟ್ ಕೆಳಗೆ.

ಮೈಕ್‌ಮಾಮ
ಒಂದು ಸಣ್ಣ ಸೇರ್ಪಡೆ, ಹೊತ್ತು ಅಂದ್ರಲ್ಲ. ಸದ್ದಿಗೂ ಹೊತ್ತಿದೆ. ಮಧ್ಯಾಹ್ನ ನೆಲ ಕಾದಿರುತ್ತೆ, ಕೆಳಗೆ ಬಿಸಿ ಗಾಳಿ ಮೇಲೆ ತಂಪು, ಸದ್ದು ಮೇಲಕ್ಕೆ ಬಾಗಿ ಆಕಾಶಕ್ಕೆ ಹೋಗಿಬಿಡುತ್ತೆ. ಆಕಾಶ ತಿಳಿಯಾಗಿ ಗಾಳಿ ಇಲ್ಲದ ರಾತ್ರಿ, ಹಾಗೇ ನಸುಕಲ್ಲಿ, ನೆಲ ತಂಪು ಮೇಲೆ ಬಿಸಿ, ಸದ್ದು ಕೆಳಕ್ಕೆ ಬಾಗಿ ದೂರದ ತನಕ ಬರುತ್ತೆ. ರಾತ್ರಿ ಹೊತ್ತು ದೂರದ ರೈಲಿನ ಸದ್ದು ಹತ್ತಿರ ಕೇಳಿಸೋದು ಇದಕ್ಕೇ. ಹಾಗಾಗಿ ಜವಾರಿಯವರ ಹಳೇ ಕ್ರಮ ನನ್ನ ಕೆಲಸಕ್ಕೂ ಅನುಕೂಲ. ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತಾನೂ ನೋಡ್ಕೊಳಿ, ವೇದಿಕೆ ಕಡೆಯಿಂದ ನಿಮ್ಮ ಕಡೆಗೆ ಬಂದ್ರೆ ಲಾಭ.

ಹಿಂದಿನಸಾಲು
ಇಷ್ಟು ಓದಿದ ಮೇಲೆ ಹೋಗಲೇಬೇಕು ಅನ್ನಿಸ್ತಿದೆ. ಮುಂದಿನ ವಾರ ನಸುಕಿನ ಗಾಯನ ಒಂದಿದೆಯಂತೆ, ಬೆಳಿಗ್ಗೆ ಐದಕ್ಕೆ. ಏನೇನು ತಗೊಂಡು ಹೋಗ್ಲಿ? ಮಳೆ ಬಂದ್ರೆ?

ಆದಿತಾಳದಜ್ಜಿ
ಹುಲ್ಲು ಮೇಲೆ ಮಂಜು ಇರುತ್ತೆ, ಬರೀ ಜಮಖಾನ ಹಾಸಿದ್ರೆ ಅದು ನೀರು ಕುಡಿದು ನಿನಗೆ ಕೊಡುತ್ತೆ. ಕೆಳಗೊಂದು ಪ್ಲಾಸ್ಟಿಕ್ ಹಾಳೆ, ಮೇಲೆ ಜಮಖಾನ. ತೋಳು ತುಂಬಾ ಬಟ್ಟೆ, ಸೊಳ್ಳೆಗೆ. ಅರ್ಧ ಗಂಟೆ ಮುಂಚೆ ಹೋಗು, ಅವರು ತಂಬೂರಿ ಶ್ರುತಿ ಮಾಡೋದನ್ನೂ ಕೇಳು, ಅರ್ಧ ಕಛೇರಿ ಅದೇ. ಕುರ್ಚಿ ತಗೊಂಡು ಹೋದ್ರೆ ಹಿಂದೆ ಹಾಕ್ಕೋಬೇಕು, ನೆಲದ ಮೇಲೆ ಕೂತವರ ಮುಂದೆ ಅಲ್ಲ. ಏಳೋದಿದ್ರೆ ಒಂದು ರಾಗ ಮುಗಿದ ಮೇಲೆ ಏಳು, ಆಲಾಪ ನಡೀತಿರುವಾಗ ಬೇಡ.

ಘಟಗಿರಾಕಿ
ಮಳೆ ಬರುತ್ತಾ ಅಂತ ಆಕಾಶ ನೋಡಬೇಡಿ, ತಬಲಾದವರನ್ನ ನೋಡಿ. ಅವರು ಗವಸು ಹತ್ತಿರಕ್ಕೆ ಎಳ್ಕೊಂಡ್ರೆ ನೀವೂ ಛತ್ರಿ ತೆಗೀರಿ. ಚರ್ಮಕ್ಕೆ ನೀರು ಬಿದ್ರೆ ಮುಗೀತು ನಮ್ಮ ಕಥೆ.

ಮೈಕ್‌ಮಾಮ
ಮಳೆ ಬಂದ್ರೆ ನಾವು ಕರೆಂಟ್ ತೆಗೆದುಬಿಡ್ತೀವಿ, ಒಂದೇ ಒಂದು ಹಾಡು ಅಂತ ಯಾರು ಬೇಡಿಕೊಂಡ್ರೂ ಸರಿ. ಆಗ ನಮ್ಮನ್ನ ಬೈಬೇಡಿ.

ಹಿಂದಿನಸಾಲು
ಹೋಗಿ ಬಂದೆ!! ಎಲ್ರೂ ಕೇಳಿದ್ರಿ ಅಂತ ಬರೀತಿದೀನಿ, ನಿದ್ದೆ ಬೇರೆ ಎಳೀತಿದೆ.

ನಾಲ್ಕೂವರೆಗೆ ಹೋದೆ, ಕತ್ತಲು. ಸೌಂಡಿನ ಟೇಬಲ್ ಹುಡುಕಿ ಅದರಿಂದ ನಾಲ್ಕು ಸಾಲು ಮುಂದೆ ಹಾಸಿಕೊಂಡೆ, ಅಲ್ಲಿ ಕೂತಿದ್ದ ಹುಡುಗ ನನ್ನನ್ನ ಅನುಮಾನದಿಂದ ನೋಡಿದ, ಅಷ್ಟು ಜಾಗ ಖಾಲಿ ಇದ್ದೂ ಇವನ್ಯಾಕೆ ನನ್ನ ಮುಂದೆ ಬಂದು ಕೂತ ಅಂತ. ಎರಡು ತಂಬೂರಿ. ಶ್ರುತಿ ಮಾಡೋದೇ ಹತ್ತು ಹದಿನೈದು ನಿಮಿಷ, ಮೊದಲು ತಂತಿಗಳು ಬೇರೆ ಬೇರೆ ಕೇಳ್ತಿದ್ವು, ಆಮೇಲೆ ಯಾವಾಗಲೋ ಒಂದು ಹೊತ್ತಲ್ಲಿ ಎಲ್ಲಾ ಸೇರಿ ಒಂದೇ ಆಗಿಬಿಡ್ತು, ಅದನ್ನ ಹೇಗೆ ಹೇಳೋದು ಗೊತ್ತಿಲ್ಲ, ಇಯರ್‌ಫೋನಲ್ಲಿ ಅದು ಹಿಂದೆ ಇರೋ ಗುಂಯ್ ಅಷ್ಟೇ ಅಂದ್ಕೊಂಡಿದ್ದೆ ಇಷ್ಟು ದಿನ.

ಮೊದಲು ಲಲಿತ ಹಾಡ್ತೀನಿ ಅಂದ್ರು, ಕತ್ತಲಲ್ಲೇ ಶುರು. ಎರಡು ಮಧ್ಯಮ ಒಂದರ ಪಕ್ಕ ಒಂದು ಬರುತ್ತೆ ಅಂತ ಪಕ್ಕದಲ್ಲಿದ್ದ ಹಿರಿಯರು ಆಮೇಲೆ ಹೇಳಿದ್ರು, ನನಗೆ ಆಗ ಗೊತ್ತಾಗಿದ್ದು ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಗ್ತಿದೆ ಅಂತ ಮಾತ್ರ. ಮಧ್ಯದಲ್ಲಿ ಒಂದು ಹಕ್ಕಿ ಶುರು ಮಾಡ್ತು, ಒಂದೇ. ಅವರು ಒಂದು ಉಸಿರು ನಿಲ್ಲಿಸಿದ್ರು, ಹಕ್ಕಿ ಮುಗಿಸ್ತು, ಅವರು ನಕ್ಕು ಮುಂದುವರಿಸಿದ್ರು. ಬೆಳಕಾದ ಮೇಲೆ ಅಹಿರ್ ಭೈರವ. ಅಷ್ಟೊತ್ತಿಗೆ ವಾಕಿಂಗ್‌ನವರು ಬರೋಕೆ ಶುರು, ಒಬ್ಬರು ಫೋನಲ್ಲಿ ಜೋರಾಗಿ ಮಾತಾಡ್ತಾ ವೇದಿಕೆ ಪಕ್ಕದಲ್ಲೇ ಹೋದ್ರು, ಮೂರು ಸುತ್ತು, ಮೂರು ಸಲವೂ. ನಿಶ್ಶಬ್ದ ಬೇಕು ಸಾರ್ ನಿಮ್ಮನ್ನ ನೆನೆಸಿಕೊಂಡೆ. ಆದ್ರೆ ಮುಂದೆ ಕೂತಿದ್ದಕ್ಕೆ ಅದು ದಾಟಿ ಹೋಗೋ ಸದ್ದಾಗಿತ್ತು, ಹಾಡು ಮೇಲೇ ಇತ್ತು.

ಪ್ಲಾಸ್ಟಿಕ್ ಹಾಳೆ ಮರೆತಿದ್ದೆ. ಅಜ್ಜಿ ಹೇಳಿದ ಹಾಗೇ ಜಮಖಾನ ಪೂರ್ತಿ ನೀರು ಕುಡಿದು ಪ್ಯಾಂಟಿಗೆ ಕೊಡ್ತು, ಏಳೋಕೆ ಮುಜುಗರ ಆಗಿ ಎಲ್ರೂ ಹೋಗೋ ತನಕ ಕೂತಿದ್ದೆ.

ಜವಾರಿಕಿವಿ
ಲಲಿತ ಕೇಳಿ ಬಂದ್ರಿ, ಪ್ಯಾಂಟ್ ಒಣಗ್ತದ ಬಿಡ್ರಿ.

ಮಗುವಿನಮ್ಮ
ನಾವೂ ಅಲ್ಲೇ ಇದ್ವಿ ಅನ್ಸುತ್ತೆ! ಎಡಗಡೆ ಅಂಚಲ್ಲಿ. ಮಗಳು ಮೊದಲರ್ಧ ನಿದ್ದೆ, ಎದ್ದ ತಕ್ಷಣ "ಆ ಅಂಕಲ್ ಯಾಕೆ ತಬಲಾಗೆ ಹೊಡೀತಾರೆ, ಅದು ತಪ್ಪು ಮಾಡ್ತಾ" ಅಂತ ಕೇಳಿದ್ಲು.

ಘಟಗಿರಾಕಿ
😂😂 ನಸುಕಿನ ಮಂಜು, ಪಾಪ. ಸುತ್ತಿಗೆ ಎಷ್ಟು ಸಲ ಎತ್ತಿದ್ರು ಅಂತ ಯಾರಾದ್ರೂ ಎಣಿಸಿದ್ರಾ?

ಹಿಂದಿನಸಾಲು
ಹನ್ನೊಂದು. ಹನ್ನೆರಡನೇ ಸಲ ಎತ್ತಿದ್ರು, ಮುಂದಿನ ಸಾಲಿನವರು ನಗೋದು ಕಂಡು ತಾವೂ ನಕ್ಕು ಕೆಳಗಿಟ್ರು.